ಮೈದಾನ ದಾನವಲ್ಲ

ನಾನು ಐದನೆಯ ತರಗತಿಯವರೆಗೆ ಓದಿದ ಉರ್ದು ಶಾಲೆಗೆ ಮೈದಾನವಿರಲಿಲ್ಲ. ಎರಡು ಕೋಣೆ, ಮುಂದೊಂದು ಕಟ್ಟೆ, ಅದರಾಚೆ ಬೀದಿ. ವೇಳಾಪಟ್ಟಿಯಲ್ಲಿ ‘ಖೇಲ್’ ಎಂದಿದ್ದ ಪೀರಿಯಡ್ಡಿನಲ್ಲಿ ಮಗ್ಗಿ ಬರೆಯುತ್ತಿದ್ದೆವು. ಮುಂದೆ ಕನ್ನಡ ಶಾಲೆ ಸೇರಿದಾಗ ದೊಡ್ಡ ಮೈದಾನ ಸಿಕ್ಕಿತು, ಖೊಖೊ ಕಲಿತೆ. ಎರಡೇ ವರ್ಷ. ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಅಮ್ಮಿ ‘ಇನ್ನು ಸಾಕು, ದೊಡ್ಡವಳಾದೆ’ ಎಂದರು. ಯಾರೂ ಗದರಲಿಲ್ಲ. ಆಟ ಸುಮ್ಮನೆ ನಿಂತುಹೋಯಿತು.

ಇತ್ತೀಚೆಗೆ ನಮ್ಮೂರಿನ ಯುವಕ ಸಂಘವೊಂದು ಶಾಲೆಯೊಂದಿಗೆ ಸೇರಿ ಪ್ರತಿ ಶನಿವಾರ ಮಕ್ಕಳಿಗೆ ಆಟ ಕಲಿಸತೊಡಗಿತು. ಒಳ್ಳೆಯ ಕೆಲಸವೇ. ಹೋಗಿ ನೋಡಿದೆ. ಹುಡುಗರು ಬೆವರು ಸುರಿಸಿ ಆಡುತ್ತಿದ್ದರು. ಹುಡುಗಿಯರು ಗೋಡೆಗೊರಗಿ ಅವರ ಚೀಲ, ಚಪ್ಪಲಿ ಕಾಯುತ್ತಿದ್ದರು. ಸಂಘದ ಕಾರ್ಯದರ್ಶಿಯನ್ನು ಕೇಳಿದಾಗ, ‘ಇಷ್ಟು ಮಾಡುತ್ತಿರುವುದೇ ದೊಡ್ಡದಲ್ಲವೇ ಆಪಾ?’ ಎಂದ. ಅವನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಆ ಮಾತು ನನ್ನನ್ನು ಕಾಡುತ್ತಲೇ ಇದೆ.

ಅದು ದಾನ ಕೊಡುವವರ ಮಾತು. ಯಾರಿಗೆ ಕೊಡಬೇಕು, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ದಾನಿಯೇ ತೀರ್ಮಾನಿಸುತ್ತಾನೆ. ಸಾಲ ತೀರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಹಾಗಾದರೆ ಮಕ್ಕಳ ಆಟ ನಾವು ಕೊಡುವ ದಾನವೋ, ತೀರಿಸಬೇಕಾದ ಸಾಲವೋ?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಬಿಡುವು ಮತ್ತು ಆಟವನ್ನು ಹಕ್ಕೆಂದು ಒಪ್ಪಿದೆ. ಭಾರತ ಅದಕ್ಕೆ 1992ರಲ್ಲಿ ಸಮ್ಮತಿ ನೀಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಇದೆ. ಐದರಿಂದ ಹದಿನೇಳು ವರ್ಷದ ಮಕ್ಕಳ ಮೈಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಾದ ದುಡಿತ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2016ರಲ್ಲಿ ಜಗತ್ತಿನ ಹದಿಹರೆಯದ ಶಾಲಾಮಕ್ಕಳಲ್ಲಿ ಅಷ್ಟು ಚಟುವಟಿಕೆ ಇಲ್ಲದವರು ಹುಡುಗರಲ್ಲಿ ಸುಮಾರು ಶೇ. 78, ಹುಡುಗಿಯರಲ್ಲಿ ಶೇ. 85.

ಕನ್ನಡದ ‘ಹಕ್ಕು’ ಅರಬಿಯ ‘ಹಕ್’ನಿಂದ ಬಂದ ಪದ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಮೈ ದಂಡಿಸುತ್ತಿದ್ದ ಅನುಯಾಯಿಗೆ, ದೇಹಕ್ಕೂ ನಿನ್ನ ಮೇಲೆ ಹಕ್ ಇದೆಯೆಂದು ಪ್ರವಾದಿಯವರು ತಿಳಿಹೇಳಿದ್ದು ಹದೀಸ್‌ಗಳಲ್ಲಿದೆ. ಆ ಹಕ್ಕು ಗಂಡಿನ ದೇಹಕ್ಕೆ ಮಾತ್ರ ಎಂದು ಅವರು ಹೇಳಲಿಲ್ಲ.

‘ಸಂಬಳವಿಲ್ಲದೆ ಬರುವವರನ್ನು ಹೀಗೆ ಪ್ರಶ್ನಿಸಿದರೆ ಯಾರು ಬಂದಾರು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರಲೇಬೇಕೆಂಬ ಕಟ್ಟುಪಾಡು ಸಂಘಕ್ಕಿಲ್ಲ; ಮೊದಲ ಹೊಣೆ ಸರಕಾರದ್ದು, ಶಾಲೆಯದ್ದು. ಆದರೆ ಶಾಲೆಯ ಗೇಟು ದಾಟಿ ಒಳಬಂದವರು ಶಾಲೆಯ ಕೆಲಸವನ್ನೇ ಕೈಗೆತ್ತಿಕೊಂಡಿರುತ್ತಾರೆ. ಎಲ್ಲ ಮಕ್ಕಳನ್ನೂ ಸಮಾನವಾಗಿ ಕಾಣುವ ಶಾಲೆಯ ಹೊಣೆಯೂ ಆಗ ಅವರ ಹೆಗಲೇರುತ್ತದೆ.

ಇದು ಆಗದ ಕೆಲಸವೇನಲ್ಲ. ಮುಂಬಯಿ ಬಳಿಯ ಮುಂಬ್ರಾದಲ್ಲಿ 2012ರಲ್ಲಿ ‘ಪರ್ಚಮ್’ ಸಂಘಟನೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸತೊಡಗಿತು. ಮುಸ್ಲಿಂ ಹುಡುಗಿಯರೂ ಇತರ ಹುಡುಗಿಯರೂ ಒಂದೇ ಚೆಂಡಿನ ಹಿಂದೆ ಓಡಿದರು. ತಮಗೂ ಮೈದಾನ ಬೇಕೆಂದು ಕೇಳಿದರು. ನಮ್ಮ ಶಾಲಾಭಿವೃದ್ಧಿ ಸಮಿತಿಗಳೂ ಚೆಂಡು ಪಡೆಯುವ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಗೋಡೆಗೊರಗಿ ನಿಲ್ಲುವವರು ಯಾರು? ಕಲಿಸಲು ಒಬ್ಬ ಮಹಿಳೆ, ಹೊಂದುವ ಸಮಯ, ಮೈಮುಚ್ಚುವ ಸಡಿಲ ಉಡುಪು. ಇಷ್ಟಾದರೆ ಎಷ್ಟೋ ತಾಯಂದಿರು ಒಪ್ಪುತ್ತಾರೆ.

ಅಮ್ಮಿಗೆ ಈಗ ಮೊಣಕಾಲು ನೋವು. ಡಾಕ್ಟರು ಹೇಳಿದ್ದಕ್ಕೆ ದಿನವೂ ನಸುಕಿನಲ್ಲಿ ಅದೇ ಶಾಲೆಯ ಮೈದಾನವನ್ನು ಸುತ್ತುತ್ತಾರೆ. ಒಮ್ಮೆ ಜೊತೆಗೆ ಹೋದಾಗ, ‘ನನ್ನ ಆಟ ಯಾಕೆ ನಿಲ್ಲಿಸಿದಿರಿ ಅಮ್ಮಿ?’ ಎಂದು ಕೇಳಿಬಿಟ್ಟೆ. ಅವರು ನಡೆಯುತ್ತಲೇ ಹೇಳಿದರು: ‘ನನ್ನನ್ನು ಒಂಬತ್ತಕ್ಕೇ ನಿಲ್ಲಿಸಿದ್ದರು. ನಿನ್ನನ್ನು ಹನ್ನೆರಡರವರೆಗೂ ಬಿಟ್ಟಿದ್ದೆನಲ್ಲ!’

ಇಷ್ಟು ಮಾಡಿದ್ದೇ ದೊಡ್ಡದು ಎಂದು ಅಮ್ಮಿಯೂ ನಂಬಿದ್ದರು.