ಯಾರದ್ದೂ ಅಲ್ಲದ ಎಲೆ

2015ರ ಮೇ ಕೊನೆಯಲ್ಲಿ ಲಾಸ್ ವೇಗಸ್‌ನಲ್ಲಿ ಒಂದೇ ಟೂರ್ನಿಗೆಂದು ಏಳೂವರೆ ಸಾವಿರಕ್ಕೂ ಹೆಚ್ಚು ಜನ ಎದುರುಬದುರು ಕೂತು ಎಲೆ ಕಲಸಿದರು. ಜೂಜಿನ ಊರಲ್ಲಿ ಅದೇನು ವಿಶೇಷ ಎನ್ನುವಂತಿಲ್ಲ. ಇಲ್ಲಿ ಪ್ರವೇಶ ಶುಲ್ಕವಿತ್ತು, ಬಹುಮಾನವಿತ್ತು, ಬಾಜಿ ಇರಲಿಲ್ಲ. ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ, 1993ರಲ್ಲಿ ಮಾರುಕಟ್ಟೆಗೆ ಬಂದ ಈ ಆಟ ಇಬ್ಬರು ಮಾಂತ್ರಿಕರ ಕಾಳಗ. ತಲಾ ಇಪ್ಪತ್ತು ಅಂಕದಷ್ಟು ಆಯುಸ್ಸು. ಎದುರಾಳಿಯದನ್ನು ಸೊನ್ನೆಗಿಳಿಸಿದವರು ಗೆದ್ದಂತೆ.

ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಎಲೆಗಳಿಂದ ಆಯ್ದು ತಮ್ಮ ಕಟ್ಟನ್ನು, ಅಂದರೆ ‘ಡೆಕ್’ ಅನ್ನು, ಪ್ರತಿಯೊಬ್ಬರೂ ತಾವೇ ಕಟ್ಟಿಕೊಳ್ಳಬೇಕು. ಸಾಮಾನ್ಯ ಟೂರ್ನಿಯಲ್ಲಿ ಕನಿಷ್ಠ 60 ಎಲೆ. ಅದರಲ್ಲಿ ಒಂದು ಪಾಲು ‘ಲ್ಯಾಂಡ್’. ಮಂತ್ರ ಹಾಕಲು ಬೇಕಾದ ಶಕ್ತಿ ಹುಟ್ಟುವುದು ಈ ಲ್ಯಾಂಡ್‌ಗಳಿಂದ. ಅವು ಬರದಿದ್ದರೆ ಕೈಯಲ್ಲಿ ಬ್ರಹ್ಮಾಸ್ತ್ರವೇ ಇದ್ದರೂ ಹೂಡುವಂತಿಲ್ಲ.

ಇಂಥ ದೊಡ್ಡ ಟೂರ್ನಿಗೆ ಮೊದಲ ಸಲ ಬರುವವನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡೇ ಬಂದಿರುತ್ತಾನೆ. ಪಟ್ಟಿಯಲ್ಲಿ ತನ್ನ ಹೆಸರು, ಮೇಜಿನ ಸಂಖ್ಯೆ ಹುಡುಕಿ ಕೂರುತ್ತಾನೆ. ಡೆಕ್ ಕಲಸಿ ಎದುರಾಳಿಯ ಮುಂದಿಡುತ್ತಾನೆ. ಎದುರಾಳಿ ಅದನ್ನು ಇನ್ನೊಮ್ಮೆ ಕಲಸಿ ಹಿಂದಿರುಗಿಸುತ್ತಾನೆ. ಐವತ್ತು ನಿಮಿಷದ ಗಡಿಯಾರ ಓಡತೊಡಗುತ್ತದೆ. ಏಳು ಎಲೆ ಎತ್ತಿ ನೋಡಿದರೆ ಲ್ಯಾಂಡ್ ಒಂದೇ ಒಂದು. ಆ ಏಳನ್ನೂ ಹಿಂದಕ್ಕೆ ಹಾಕಿ ಹೊಸ ಏಳು ಎತ್ತಬಹುದು, ಆದರೆ ದಂಡವಾಗಿ ಒಂದು ಎಲೆಯನ್ನು ಡೆಕ್ಕಿನ ತಳಕ್ಕೆ ಸೇರಿಸಬೇಕು. ಒಂದೂ ಮಂತ್ರ ಹಾಕದೆ ಸೋತ ಹೊಸಬನ ಬಾಯಲ್ಲಿ ಬರುವ ಮಾತು ಎಲ್ಲ ದೇಶದಲ್ಲೂ ಒಂದೇ: ನನ್ನ ಹಣೆಬರಹ.

ಹಣೆಬರಹ ಹೌದೇ? ಲೆಕ್ಕ ಹಾಕಬಹುದು. 60 ಎಲೆಯಲ್ಲಿ 24 ಲ್ಯಾಂಡ್ ಇಟ್ಟವನಿಗೆ ಮೊದಲ ಏಳರಲ್ಲಿ ಒಂದು ಅಥವಾ ಸೊನ್ನೆ ಲ್ಯಾಂಡ್ ಬರುವ ಸಂಭವ ನೂರಕ್ಕೆ ಸುಮಾರು 14. ಇನ್ನಷ್ಟು ಮಂತ್ರಗಳಿಗೆ ಜಾಗ ಸಿಗಲಿ ಎಂಬ ಆಸೆಗೆ ಬಿದ್ದು ಲ್ಯಾಂಡ್‌ಗಳನ್ನು 20ಕ್ಕೆ ಇಳಿಸಿದರೆ ಅದೇ ಸಂಭವ ಸುಮಾರು 25ಕ್ಕೆ ಏರುತ್ತದೆ. ಏಳು ಸಲಕ್ಕೊಮ್ಮೆ ಬರಬೇಕಿದ್ದ ಕೇಡು ನಾಲ್ಕು ಸಲಕ್ಕೊಮ್ಮೆ ಬರುತ್ತದೆ. ಮೇಜಿನ ಮುಂದೆ ವಿಧಿಯಂತೆ ಕಂಡದ್ದು ಹಿಂದಿನ ರಾತ್ರಿ ತನ್ನದೇ ಕೈ ಮಾಡಿದ ಕೆಲಸ.

ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯ ದೈವದ ಬಗ್ಗೆ ಹೇಳುವುದೂ ಇದಕ್ಕೆ ಹತ್ತಿರದ ಮಾತು. ದೈವ ಎನ್ನುವುದು ಬೇರೇನಲ್ಲ, ಹಿಂದಿನ ದೇಹದಲ್ಲಿ ಮಾಡಿದ ಪುರುಷಪ್ರಯತ್ನವೇ ಈಗ ಫಲವಾಗಿ ಎದುರು ನಿಂತಿದೆ ಎನ್ನುತ್ತದೆ ಅದು. ಒಂದೇ ಚಕ್ರದ ಮೇಲೆ ರಥ ಓಡದು, ಪ್ರಯತ್ನವಿಲ್ಲದೆ ದೈವವೂ ಫಲಿಸದು ಎಂದು ಮುಂದುವರಿಯುತ್ತದೆ. ಡೆಕ್ ಕಟ್ಟಿದ ರಾತ್ರಿಯನ್ನು ಪೂರ್ವಜನ್ಮವೆಂದೂ ಟೂರ್ನಿಯ ಬೆಳಗನ್ನು ಈ ಜನ್ಮವೆಂದೂ ಇಟ್ಟುಕೊಂಡರೆ ಸಿದ್ಧಾಂತ ಚೆನ್ನಾಗಿಯೇ ಹೊಂದುತ್ತದೆ. ಆ ನೂರಕ್ಕೆ ಹನ್ನೊಂದರಷ್ಟು ಹೆಚ್ಚುವರಿ ಕೇಡಿಗೆ ಕರ್ತೃ ಸಿಕ್ಕಿದ.

ಉಳಿದ 14ಕ್ಕೆ ಮಾತ್ರ ಕರ್ತೃ ಸಿಗುವುದಿಲ್ಲ. ಲ್ಯಾಂಡ್ ಇನ್ನೂ ಹೆಚ್ಚಿಸಿದರೆ ಆ ಕೇಡು ಕಡಿಮೆಯಾದೀತು, ಆದರೆ ಬರೀ ಲ್ಯಾಂಡ್ ಬಂದು ಮಂತ್ರವೇ ಬರದ ಎದುರು ಕೇಡು ಏರುತ್ತದೆ. ಎಷ್ಟೇ ಜಾಣತನದಿಂದ ಕಟ್ಟಿದರೂ ಒಂದಿಷ್ಟು ಉಳಿಕೆ ತಪ್ಪದು. ಮೊದಲ ದಿನವೇ ಒಂಬತ್ತು ಸುತ್ತು, ಪ್ರತಿ ಸುತ್ತಿನಲ್ಲಿ ಕನಿಷ್ಠ ಎರಡು ಆಟ ಎಂದರೆ ಎಂಥ ನಿಪುಣನಿಗೂ ಸರಾಸರಿ ಎರಡು ಮೂರು ಸಲ ಈ ಬರಗಾಲದ ಕೈ ಬಂದೇ ಬರುತ್ತದೆ. ಮೂರು ಪಂದ್ಯದಲ್ಲಿ ಎರಡನ್ನು ಗೆಲ್ಲಬಲ್ಲವನನ್ನು ಈ ಆಟದಲ್ಲಿ ಅತ್ಯುತ್ತಮರ ಸಾಲಿಗೆ ಸೇರಿಸುತ್ತಾರೆ. ಅಂಥವನೂ ಸತತ ಒಂಬತ್ತು ಪಂದ್ಯ ಗೆಲ್ಲುವ ಸಂಭವ ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ.

ಕರ್ಮಸಿದ್ಧಾಂತಕ್ಕೆ ಈ ಉಳಿಕೆ ಇಷ್ಟವಾಗದು. ಲೆಕ್ಕಕ್ಕೆ ಸಿಗದ ಸುಖದುಃಖ ಇರಬಾರದು ಎಂಬ ಹಟವೇ ಅದರ ಬಲ. ಆದರೆ ಆ ಹಟಕ್ಕೆ ಬೆಲೆಯೂ ಇದೆ: ನೊಂದವನ ಮುಂದೆ ನಿಂತು ಏನೋ ಮಾಡಿರಬೇಕು ಎನ್ನುವ ಜನ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಎಲೆಯ ಮೇಜು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಇಷ್ಟು ನಿನ್ನದು, ಇಷ್ಟು ಯಾರದ್ದೂ ಅಲ್ಲ ಎಂದು ಅಂಕಿಯಲ್ಲೇ ಹೇಳಿಬಿಡುತ್ತದೆ.

ಹಾಗೆಂದು ಎಲ್ಲವನ್ನೂ ಅದೃಷ್ಟಕ್ಕೆ ಒಪ್ಪಿಸಲು ಅದು ಬಿಡುವುದೂ ಇಲ್ಲ. ಟೂರ್ನಿಯ ನಿಯಮಗಳಲ್ಲಿ ಹೊಸಬರನ್ನು ಬೆಚ್ಚಿಬೀಳಿಸುವ ಒಂದು ಅಂಶವಿದೆ. ಸಮಯ ಮುಗಿದು ಪಂದ್ಯ ಸಮವಾಗುವಂತಿದೆ, ಇಬ್ಬರಿಗೂ ಗೆಲುವೇ ಬೇಕು, ಬಾ ದಾಳ ಉರುಳಿಸಿ ತೀರ್ಮಾನಿಸೋಣ ಎಂದು ಒಬ್ಬ ನಗುತ್ತ ಹೇಳಿದರೂ ಸಾಕು, ತೀರ್ಪುಗಾರರು ಅವನಿಗೆ ಕಠಿಣ ಶಿಕ್ಷೆ ವಿಧಿಸಬಹುದು. ಯಾರು ಮೊದಲು ಆಡಬೇಕೆಂಬುದನ್ನು ದಾಳ ಹಾಕಿಯೇ ನಿರ್ಧರಿಸುವ ಆಟದಲ್ಲಿ ಗೆದ್ದವರು ಯಾರೆಂದು ದಾಳ ಹೇಳುವುದು ಮಾತ್ರ ಮಹಾಪರಾಧ! ವಿಚಿತ್ರವೆನಿಸಿದರೂ ಇದರಲ್ಲಿ ಅರ್ಥವಿದೆ. ಅದೃಷ್ಟ ಎಷ್ಟು ಬೇಕಾದರೂ ಇರಲಿ, ಆದರೆ ಅದು ಆಟಗಾರನ ನಿರ್ಧಾರವನ್ನು ದಾಟಿಕೊಂಡೇ ಫಲಕ್ಕೆ ಬರಬೇಕು. ನಮ್ಮ ಸುಪ್ರೀಂ ಕೋರ್ಟ್ 1960ರ ದಶಕದಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಕರೆದಾಗ ಕೊಟ್ಟ ಕಾರಣವೂ ಇದೇ ಜಾಡಿನದು: ಹಂಚಿಕೆ ಅದೃಷ್ಟ, ಆದರೆ ಬಿದ್ದ ಎಲೆಗಳನ್ನು ನೆನಪಿಡುವುದು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂದು ತಿಳಿಯುವುದು ಕೌಶಲ. ಗಾರ್ಫೀಲ್ಡ್ ಕೂಡ ಇದನ್ನೇ ಪ್ರತಿಪಾದಿಸುತ್ತ ಬಂದವರು; ಅದೃಷ್ಟ ಹೆಚ್ಚಾದಷ್ಟೂ ಕೌಶಲ ಕಡಿಮೆಯಾಗಲೇಬೇಕು ಎಂಬುದನ್ನು ಅವರು ಒಪ್ಪುವುದಿಲ್ಲ.

ಇದಕ್ಕೆ ಉದಾಹರಣೆಯಾಗಿ ಕ್ರೇಗ್ ಜೋನ್ಸ್ ಎಂಬ ಆಟಗಾರರ ಪ್ರಸಂಗ ಈ ಆಟದ ಲೋಕದಲ್ಲಿ ಪುರಾಣವೇ ಆಗಿದೆ. 2006ರ ಹೊನೊಲುಲು ಪ್ರೊ ಟೂರ್, ಸೆಮಿಫೈನಲ್, ನಿರ್ಣಾಯಕ ಐದನೇ ಆಟ. ಎದುರಿಗೆ ಫ್ರಾನ್ಸಿನ ಒಲಿವಿಯೆ ರುಯೆಲ್. ಜೋನ್ಸ್ ಸೋಲಿನ ಅಂಚಿನಲ್ಲಿದ್ದರು. ಕೈಯಲ್ಲಿದ್ದ ‘ಚಾರ್’ ಎಂಬ ಎಲೆಯನ್ನು ಎದುರಾಳಿಯ ಸೈನ್ಯವನ್ನು ತಡೆಯಲು ಖರ್ಚು ಮಾಡದೆ ನೇರವಾಗಿ ರುಯೆಲ್ ಮೇಲೆಯೇ ಎಸೆದರು. ರುಯೆಲ್‌ಗೆ ಉಳಿದದ್ದು ಮೂರು ಅಂಕ. ಮುಂದಿನ ಎಲೆ ಸರಿಯಾದದ್ದು ಬಂದರೆ ಗೆಲುವು, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಎತ್ತಿ ಮೇಜಿಗೆ ಬಡಿದ ಎಲೆ ‘ಲೈಟ್ನಿಂಗ್ ಹೀಲಿಕ್ಸ್’. ಸರಿಯಾಗಿ ಮೂರು ಅಂಕದ ಪೆಟ್ಟು. ಫೈನಲ್ ತಲುಪಿದ್ದರಿಂದ ಹೆಚ್ಚಿದ ಬಹುಮಾನದ ಮೊತ್ತ ಸೇರಿಸಿ ಅದನ್ನು ಇಂದಿಗೂ ಹದಿನಾರು ಸಾವಿರ ಡಾಲರ್‌ನ ಹೀಲಿಕ್ಸ್ ಎಂದೇ ಕರೆಯುತ್ತಾರೆ.

ಎಲೆ ಬಂದದ್ದು ಅದೃಷ್ಟ. ಆದರೆ ಅದು ಬಂದರೆ ಗೆಲ್ಲುವಂಥ ಸ್ಥಿತಿಯನ್ನು ಹಿಂದಿನ ಸರದಿಯಲ್ಲೇ ಕಟ್ಟಿಟ್ಟದ್ದು ಜೋನ್ಸ್. ಬೇರೆ ಎಲೆ ಬಂದಿದ್ದರೂ ಆ ನಿರ್ಧಾರ ಅಷ್ಟೇ ಸರಿಯಾಗಿರುತ್ತಿತ್ತು. ಯಾರ ನೆನಪಿನಲ್ಲೂ ಮಾತ್ರ ಉಳಿಯುತ್ತಿರಲಿಲ್ಲ. ತತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ಚರ್ಚೆಗೆ ತಂದ ‘ನೈತಿಕ ಅದೃಷ್ಟ’ದ ಸಮಸ್ಯೆ ಇಲ್ಲೇ ಚುಚ್ಚುವುದು. ಒಬ್ಬನ ವಶದಲ್ಲಿದ್ದುದಕ್ಕಷ್ಟೇ ಅವನನ್ನು ಹೊಗಳಬೇಕು, ತೆಗಳಬೇಕು ಎಂದು ಬಾಯಲ್ಲಿ ಒಪ್ಪುವ ನಾವೇ ಅಳೆಯುವಾಗ ಫಲವನ್ನು ನೋಡಿ ಅಳೆಯುತ್ತೇವೆ. ನೇಗಲ್ ಇದಕ್ಕೆ ಪರಿಹಾರ ಕೊಡಲಿಲ್ಲ. ಫಲದ ಆಸೆ ಬಿಡು ಎಂಬ ಗೀತೆಯ ಉಪದೇಶವನ್ನು ಮಂತ್ರದಂತೆ ಹೇಳಿಕೊಂಡರೂ ಗಂಟು ಪೂರ್ತಿ ಬಿಚ್ಚುವುದಿಲ್ಲ, ಏಕೆಂದರೆ ಮುಂದಿನ ಸುತ್ತಿನ ಜೋಡಿಯನ್ನು ಹಾಕುವುದು ಫಲವನ್ನು ನೋಡಿಯೇ. ಸ್ವಿಸ್ ಪದ್ಧತಿಯಲ್ಲಿ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಗುತ್ತಾರೆ. ಯಾಕೆ ಸೋತೆ ಎಂದು ಯಾರೂ ಕೇಳುವುದಿಲ್ಲ.

ತನ್ನದೆಷ್ಟು, ಅದೃಷ್ಟದ್ದೆಷ್ಟು ಎಂದು ಎಣಿಸುವ ಈ ಕೆಲಸ ನಮ್ಮ ಕಥೆಗಳಿಗೂ ಹೊಸದಲ್ಲ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಪರಿಚಿತನಾದ ನಳನ ಕಥೆ ಮಹಾಭಾರತದ ವನಪರ್ವದಲ್ಲಿದೆ. ಅಲ್ಲಿ ಋತುಪರ್ಣ ರಾಜ ಓಡುವ ರಥದಿಂದಲೇ ತಾರೆ ಮರವೊಂದರ ಎಲೆ, ಕಾಯಿಗಳ ಲೆಕ್ಕ ಹೇಳಿಬಿಡುತ್ತಾನೆ. ಸಾರಥಿಯಾಗಿದ್ದ ನಳ ರಥ ನಿಲ್ಲಿಸಿ, ಎಣಿಸಿ ನೋಡಿ, ಲೆಕ್ಕ ಸರಿಯಿದ್ದದ್ದು ಕಂಡು ಬೆರಗಾಗುತ್ತಾನೆ. ತನ್ನ ಅಶ್ವವಿದ್ಯೆಗೆ ಬದಲಾಗಿ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು, ಕಲಿಯುತ್ತಾನೆ. ಆ ವಿದ್ಯೆ ಒಳಗೆ ಹೋದ ಕ್ಷಣ, ಹಿಂದೆ ಅವನನ್ನು ಆವರಿಸಿ ಜೂಜಿನಲ್ಲಿ ಸೋಲಿಸಿದ್ದ ಕಲಿ ಅವನ ಮೈ ಬಿಟ್ಟು ಹೊರಬರುತ್ತಾನೆ. ಕಲಿಯನ್ನು ಓಡಿಸಿದ್ದು ಸ್ತೋತ್ರವಲ್ಲ, ಎಣಿಕೆ.

ಇನ್ನೂ ಸೊಗಸಾದದ್ದು ಮುಂದಿದೆ. ಹಿಂದೆ ದಾಳದಾಟದಲ್ಲಿ ತನ್ನ ರಾಜ್ಯವನ್ನು ಗೆದ್ದಿದ್ದ ತಮ್ಮ ಪುಷ್ಕರನನ್ನು ಮತ್ತೆ ಆಟಕ್ಕೆ ಕರೆದು ಒಂದೇ ಪಣದಲ್ಲಿ ಗೆದ್ದ ನಳ ಸೇಡು ತೀರಿಸಿಕೊಳ್ಳುವುದಿಲ್ಲ. ಅಂದು ನನ್ನನ್ನು ಸೋಲಿಸಿದ್ದು ಕಲಿ, ನೀನಲ್ಲ; ಅವನ ತಪ್ಪನ್ನು ನಿನ್ನ ತಲೆಗೆ ಕಟ್ಟುವುದಿಲ್ಲ ಎಂಬರ್ಥದ ಮಾತು ಹೇಳಿ, ಅವನ ಪಾಲನ್ನು ಹಿಂದಿರುಗಿಸಿ ಕಳಿಸಿಕೊಡುತ್ತಾನೆ. ದಾಳದ ಮರ್ಮ ತಿಳಿದವನಿಗೆ ಎದುರಾಳಿಯ ಗೆಲುವಿನಲ್ಲಿ ಅವನದ್ದೆಷ್ಟು, ಅವನದ್ದಲ್ಲದ್ದೆಷ್ಟು ಎಂದೂ ತಿಳಿದಿತ್ತು.

ಟೂರ್ನಿಗೆ ಬರುವ ಹೊಸಬರು ಈ ಲೆಕ್ಕವನ್ನು ಸೋಲಿನಲ್ಲಿ ಬಹುಬೇಗ ಕಲಿಯುತ್ತಾರೆ. ಲ್ಯಾಂಡ್ ಬರಲಿಲ್ಲ ಎಂಬ ಕಥೆ ಊಟದ ಸಾಲಿನಲ್ಲೂ ಕಿವಿಗೆ ಬೀಳುತ್ತದೆ. ಎದುರಾಳಿಗೆ ಲ್ಯಾಂಡ್ ಬರದೆ ನಾನು ಗೆದ್ದೆ ಎಂಬ ಕಥೆಯನ್ನು ಹೇಳುವವರು ಕಡಿಮೆ. ಆದ್ದರಿಂದ ಮೊದಲ ಟೂರ್ನಿಗೆ ಹೊರಟವರಲ್ಲಿ ಒಂದು ಕೋರಿಕೆ: ಅಂಕ ಬರೆದುಕೊಳ್ಳುವ ಪುಸ್ತಕದಲ್ಲಿ, ಗೆದ್ದ ಪ್ರತಿ ಆಟದ ಪಕ್ಕ, ಎದುರಾಳಿ ಎಷ್ಟು ಲ್ಯಾಂಡ್ ಇಳಿಸಿದ್ದರು ಎಂಬುದನ್ನೂ ಬರೆದಿಡಿ.