ಪ್ರಸಾದಕ್ಕೂ ಕಾವಲು ಬೇಕು

2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಗೋಪುರಕ್ಕೆ ಶಂಕುಸ್ಥಾಪನೆ. ಭಕ್ತರಿಗೆ ಹಂಚಿದ ಬಾತ್‌ನಲ್ಲಿ ಮೊನೊಕ್ರೋಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. 17 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅನ್ನ ಕೆಟ್ಟ ವಾಸನೆ ಹೊಡೆಯುತ್ತಿತ್ತು, ಎಸೆದವರು ಉಳಿದರು ಎಂದು ಅಲ್ಲಿದ್ದವರು ಹೇಳಿದರು. ಗುಡಿಯ ಆಡಳಿತದ ಜಗಳದಲ್ಲಿ ಒಳಗಿನವರೇ ವಿಷ ಹಾಕಿಸಿದರೆಂಬುದು ಪೊಲೀಸರ ಆರೋಪ. ವಿಷವಿಕ್ಕುವ ಅಪರಾಧದ ಜಾಡೇ ಇಂಥದ್ದು. ಕತ್ತಿ ಹಿಡಿದವನಿಗೆ ತೋಳ್ಬಲ ಬೇಕು, ವಿಷವಿಕ್ಕುವವನಿಗೆ ನಮ್ಮ ನಂಬಿಕೆಯೊಂದು ಸಾಕು. ಗುಡಿಗಳಲ್ಲಿ ನೊಂದ ಹೆಂಗಸರ ಸ್ನೇಹ ಬೆಳೆಸಿ ಸಯನೈಡ್ ಉಣಿಸಿದ 'ಸಯನೈಡ್ ಮಲ್ಲಿಕಾ' ಬಳಸಿಕೊಂಡದ್ದೂ ಭಕ್ತಿಯನ್ನೇ.

ಹಾಗಾದರೆ ಪ್ರಸಾದವನ್ನು ಪರೀಕ್ಷಿಸುವುದು ಅಪನಂಬಿಕೆಯೇ? ಶಿವ ಹಾಲಾಹಲವನ್ನೇ ಅರಗಿಸಿಕೊಂಡ, ಪ್ರಸಾದವಾಗಿ ಬಂದರೆ ವಿಷವೂ ಅಮೃತ ಎನ್ನುವ ಹಿರಿಯರಿದ್ದಾರೆ. ಆದರೆ ಶಿವ ವಿಷವನ್ನು ಕಂಠದಲ್ಲಿ ತಡೆದದ್ದು ಲೋಕಕ್ಕೆ ಅದು ತಾಗದಿರಲೆಂದು. ಆ ಕಥೆ ಹೇಳಿ ವಾಸನೆ ಬರುವ ಅನ್ನವನ್ನು ಮಕ್ಕಳಿಗೆ ಉಣ್ಣಿಸುವುದು ಕಥೆಗೇ ಅಪಚಾರ. ನಂಬಿಕೆ ಇಡುವುದು ದೇವರಲ್ಲಿ. ಕೊಪ್ಪರಿಗೆಯ ಬಳಿ ಯಾರು ಬಂದರು, ಯಾರು ಹೋದರು ಎಂದು ನೋಡುವ ಹೊಣೆ ಮನುಷ್ಯರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದು ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿಯ ಸೀಮೆಯಿಂದಲೇ ಏಳಬೇಕಾದದ್ದು. ದಾಸೋಹದ ಪಂಕ್ತಿ ಜಾತಿ ಕೇಳದೆ ಎಲ್ಲರನ್ನೂ ಕೂರಿಸಿತು. ಇಂದು ಅನುಮಾನಕ್ಕೆ ಬಾಗಿಲು ತೆರೆದರೆ ನಾಳೆ 'ಅಡಿಗೆ ಮಾಡಿದವರು ಯಾರ ಪೈಕಿ?' ಎಂಬ ಪ್ರಶ್ನೆ ಒಳಗೆ ಬಾರದೇ? ಈ ಭಯ ನಿಜವಾದದ್ದು, ಅದನ್ನು ತಳ್ಳಿಹಾಕಲಾರೆ. ಆದ್ದರಿಂದಲೇ ಕಾವಲು ಅಡಿಗೆ ಮಾಡಿದವರ ಕುಲದ ಮೇಲಲ್ಲ, ಪಾತ್ರೆಯ ಮೇಲಿರಬೇಕು; ನಿಯಮ ಸ್ವಾಮಿಗಳಿಗೂ ಟ್ರಸ್ಟಿಗೂ ಒಂದೇ ಆಗಿರಬೇಕು. ಸುಳ್ವಾಡಿಯ ಆರೋಪ ಎದ್ದದ್ದು ಮೇಲಿನವರ ಮೇಲೆ, ಸೌದೆ ಹೊತ್ತವರ ಮೇಲಲ್ಲ.

ವಿಷವಂತೂ ಕೈಗೆಟಕುವಷ್ಟು ಹತ್ತಿರವಿದೆ. ಇಂಡಿ ತಾಲ್ಲೂಕಿನ ನಿಂಬೆ ತೋಟ, ಸಿಂದಗಿ, ಮುದ್ದೇಬಿಹಾಳದ ತೊಗರಿ ಹೊಲಗಳಿಗೆ ಹೊಡೆಯುವ 'ಎಣ್ಣೆ'ಯ, ಅಂದರೆ ಕೀಟನಾಶಕದ, ಬಾಟಲಿ ಅಡಿಗೆ ಮನೆಯ ಮೂಲೆಯಲ್ಲೇ ನಿಂತಿರುವ ಮನೆಗಳು ಬೇಕಾದಷ್ಟು. ಬಿಹಾರದ ಸಾರಣ್ ಜಿಲ್ಲೆಯಲ್ಲಿ 2013ರ ಜುಲೈನಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದದ್ದೂ ಇದೇ ಮೊನೊಕ್ರೋಟೊಫಾಸ್. ಉಸಿರು ಕಟ್ಟುವ ಮೊದಲು ಬಾಯಲ್ಲಿ ನೊರೆ, ಕಣ್ಣಗೊಂಬೆ ಸಣ್ಣಗಾಗುವುದು ಇದರ ಗುರುತು. ಅಟ್ರೋಪಿನ್ ಎಂಬ ಮದ್ದು ಬೇಗ ಸಿಕ್ಕರೆ ಜೀವ ಉಳಿಯಬಹುದು. ಆದ್ದರಿಂದ ಜಾತ್ರೆಗೆ ಮೊದಲೇ ಹತ್ತಿರದ ಆಸ್ಪತ್ರೆಗೆ ಸುದ್ದಿ ಹೋಗಿರಬೇಕು. ಅಡಿಗೆ ಮನೆಗೆ ಬೀಗವಿದ್ದು, ಹಂಚುವ ಮೊದಲು ಅನ್ನವನ್ನು ಮೂಸಿ ನೋಡುವವರಿರಬೇಕು. ಪರೀಕ್ಷೆಗೆಂದು ಒಂದು ಡಬ್ಬಿ ಅನ್ನ ಎತ್ತಿಟ್ಟಿರಬೇಕು. ಪಂಕ್ತಿಯ ಕೊನೆಯಲ್ಲಿ ಕೂತ ಮುದುಕಿ 'ಇದು ವಾಸನೆ ಹೊಡೀತೈತಿ' ಎಂದರೆ ಬಡಿಸುವ ಸೌಟು ಅಲ್ಲೇ ನಿಲ್ಲಬೇಕು, ಯಾರೂ ಆಕೆಯನ್ನು ಗದರಿಸಬಾರದು.