ಹಾಡ್ತಾ ಹಾಡ್ತಾ ರಾಗ

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ.’ ಈ ಗಾದೆಯ ಮೊದಲರ್ಧವನ್ನು ನಾವೆಲ್ಲ ಧಾರಾಳವಾಗಿ ಬಳಸುತ್ತೇವೆ. ಸೈಕಲ್ ಕಲಿಯುವವರಿಗೆ, ಚುಕ್ಕಿ ತಪ್ಪಿಸುತ್ತ ರಂಗೋಲಿ ಬಿಡುವ ಹುಡುಗಿಗೆ, ಚಪಾತಿ ದುಂಡಗೆ ಬರಲಿಲ್ಲವೆಂದು ಕೈಚೆಲ್ಲಿದವರಿಗೆ, ಎಲ್ಲರಿಗೂ ಇದೇ ಸಮಾಧಾನ. ಎರಡನೆಯ ಅರ್ಧವನ್ನು ಮಾತ್ರ ಪ್ರಾಸಕ್ಕೆಂದು ಬಂದದ್ದು ಎನ್ನುವಂತೆ ಬಿಟ್ಟುಬಿಡುತ್ತೇವೆ. ಕೆಲವು ಕಡೆ ಅದನ್ನು ‘ಉಗುಳ್ತಾ ಉಗುಳ್ತಾ ರೋಗ’ ಎಂದೂ ಹೇಳುವುದುಂಟು. ನನಗೆ ನರಳುವ ಪಾಠವೇ ಸರಿ ಅನ್ನಿಸುತ್ತದೆ. ಮನೆಯಲ್ಲಿ ಅಜ್ಜಿಯದೋ ಅಮ್ಮನದೋ ಒಂದು ಒಳ್ಳೆಯ ವೀಣೆಯಿದೆ, ಪಾಠಕ್ಕೆ ಕೂತ ಮಗು ‘ನನಗೆ ಅದೇ ಬೇಕು’ ಅನ್ನುತ್ತದೆ ಎಂದುಕೊಳ್ಳಿ. ಆಗ ಗಾದೆಯ ಎರಡು ತುದಿಗಳೂ ಒಂದೇ ಕೋಣೆಯಲ್ಲಿ ಎದುರುಬದುರು ಕೂರುತ್ತವೆ. ಹಾಡಬೇಕಾದದ್ದು ಮಗು, ನರಳುತ್ತಿರುವುದು ನಾವು.

ನರಳಲು ಕಾರಣವೇ ಇಲ್ಲ ಎಂದಲ್ಲ. ವೀಣೆ ನೋಡಲು ಗಟ್ಟಿಮುಟ್ಟು, ಒಳಗೆ ಸೂಕ್ಷ್ಮ. ಹಲಸಿನ ಮರದ ಕೊಡ, ಅದರಿಂದ ಹೊರಟ ದಂಡಿ, ತುದಿಯಲ್ಲಿ ಯಾಳಿ ಮುಖ, ದಂಡಿಯ ಕೆಳಗೆ ಬುರುಡೆ. ಇಡೀ ವೀಣೆಯನ್ನು ಒಂದೇ ಮರದ ತುಂಡಿನಿಂದ ಕಡೆದಿದ್ದರೆ ಅದು ಏಕಾಂಡ ವೀಣೆ. ಬೆಸೆದದ್ದಾದರೆ ಕೊಡ ಮತ್ತು ದಂಡಿ ಸೇರುವ ಜಾಗವೇ ಅದರ ಬಲಹೀನ ಸ್ಥಳ. ಬುರುಡೆ ಹಿಡಿದು ಎತ್ತಿದರೆ ಅನಾಹುತ. ದಂಡಿಯ ಮೇಲಿನ 24 ಮೆಟ್ಟಿಲುಗಳನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಜೇನುಮೇಣಕ್ಕೆ ಕಪ್ಪು ಬೆರೆಸಿ, ಆ ಮೇಣದ ದಿಂಡಿನಲ್ಲಿ ಒಂದೊಂದನ್ನೂ ಕಿವಿಯಿಂದ ಅಳೆದು ನಿಲ್ಲಿಸಿರುತ್ತಾರೆ. ಅದನ್ನೇ ಮೇಳ ಕಟ್ಟುವುದು ಅನ್ನುವುದು. ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೋ, ಬಾಗಿಲು ಹಾಕಿದ ಕಾರಿನಲ್ಲೋ ಒಂದು ಮಧ್ಯಾಹ್ನ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತದೆ, ಗಾಂಧಾರ ಇದ್ದಲ್ಲಿ ಗಾಂಧಾರ ಇರುವುದಿಲ್ಲ. ಹೊಸದಾಗಿ ಕೂತ ಮಗುವಿನ ಹೆಬ್ಬೆರಳಿಗೆ ಆ ಕಪ್ಪು ಮೇಣವನ್ನು ಉಗುರಿನಿಂದ ಕೀಳುವ ಆಸೆ ಬರದೇ ಇರುವುದೂ ಇಲ್ಲ.

ಹೀಗಾಗಿ ಬಹಳ ಮನೆಗಳಲ್ಲಿ ಒಂದು ಒಪ್ಪಂದ ಆಗುತ್ತದೆ. ವೀಣೆ ಕೊಡುತ್ತೇವೆ, ಆದರೆ ನಾವು ಪಕ್ಕದಲ್ಲೇ ಕೂತಿರುತ್ತೇವೆ. ಮಗು ಸರಳೆ ವರಸೆ ಶುರು ಮಾಡುತ್ತದೆ. ‘ನಿಧಾನ’, ‘ಕೊಡ ನೆಲಕ್ಕೆ ತಾಗಿತು ನೋಡು’, ‘ಅಷ್ಟು ಜೋರಾಗಿ ಮೀಟಬೇಡ’, ‘ತಂತಿ ಕಿತ್ತುಹೋಗುತ್ತೆ’. ಮಾಯಾಮಾಳವಗೌಳಕ್ಕಿಂತ ಹೆಚ್ಚಾಗಿ ಈ ಮಾತುಗಳೇ ಮಗುವಿನ ಕಿವಿಗೆ ಬೀಳುತ್ತವೆ. ನನ್ನ ಇಡೀ ವಾದ ನಿಂತಿರುವುದು ಇಲ್ಲಿ. ವೀಣೆಯಲ್ಲಿ ರಾಗ ಬರೀ ಮೀಟಿನಿಂದ ಬರುವುದಿಲ್ಲ. ಎಡಗೈಯ ಬೆರಳು ಸಾರಣಿ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆಯಬೇಕು. ಒಂದೇ ಮೆಟ್ಟಿಲಿನ ಮೇಲೆ ನಿಂತು, ತಂತಿಯನ್ನು ಎಳೆದೆಳೆದು ಮುಂದಿನ ಸ್ವರ, ಅದರ ಮುಂದಿನ ಸ್ವರ ಮುಟ್ಟಬೇಕು. ಹಾಗೆ ಎಳೆಯುವಾಗ ಉಕ್ಕಿನ ತಂತಿ ಬಿಗಿಯಾಗುತ್ತದೆ, ಮೇಣ ಒತ್ತಡ ತಾಳುತ್ತದೆ, ಹಳೆಯ ತಂತಿಯಾದರೆ ಟಪ್ಪೆಂದು ಹರಿಯಲೂಬಹುದು. ವೀಣೆಯನ್ನು ಕಾಯುತ್ತ ಕೂತವರು ಯಾವ ಚಲನೆಗೆ ಎದೆ ಹಿಡಿದುಕೊಳ್ಳುತ್ತಾರೋ ಸಂಗೀತ ಇರುವುದು ಅದೇ ಚಲನೆಯಲ್ಲಿ. ಹೆದರಿದ ಮಗು ತಂತಿ ಎಳೆಯುವುದಿಲ್ಲ, ಮೆಟ್ಟಿಲಿನ ಮೇಲೆ ಬೆರಳಿಟ್ಟು ಟಿಂಗ್ ಟಿಂಗ್ ಎಂದು ಸ್ವರ ಒಪ್ಪಿಸುತ್ತದೆ. ವರ್ಷಗಟ್ಟಲೆ ಹಾಗೇ ಒಪ್ಪಿಸುತ್ತ ಹೋದರೆ ಗಮಕ ಕೈಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ನರಳುವವರ ರೋಗ ನುಡಿಸುವವರ ಬೆರಳಿಗೆ ಅಂಟುವುದು ಹೀಗೆ.

ಆದ್ದರಿಂದ ನಾನು ಹೇಳುವುದು ಇಷ್ಟೇ: ಕೊಡುವುದಾದರೆ ಎಳೆಯಲು ಬಿಡಬೇಕು. ಎಳೆಯಲು ಬಿಡುವ ಮನಸ್ಸು ಇನ್ನೂ ಬಂದಿಲ್ಲವಾದರೆ ಕೊಡದೇ ಇರುವುದು ಒಳ್ಳೆಯದು. ಸಾಧಾರಣವಾದ ಇನ್ನೊಂದು ವೀಣೆ ತಂದುಕೊಟ್ಟು, ಮಗು ಅದರ ಮೇಲೆ ನಿರ್ಭಯವಾಗಿ ಕೈಯಾಡಿಸಲಿ. ಅರ್ಧ ಮನಸ್ಸಿನಿಂದ ಕೊಟ್ಟ ಒಳ್ಳೆಯ ವೀಣೆಗಿಂತ ಪೂರ್ತಿ ಮನಸ್ಸಿನಿಂದ ಕೊಟ್ಟ ಸಾಧಾರಣ ವೀಣೆ ಮಗುವಿಗೆ ಹೆಚ್ಚು ಕಲಿಸುತ್ತದೆ.

ಕೊಡಬೇಡಿ ಎನ್ನುವವರ ಬಳಿ ಒಂದು ಸುಭಾಷಿತ ಸದಾ ಸಿದ್ಧವಿರುತ್ತದೆ. ಪುಸ್ತಕ, ಲೇಖನಿಗಳಂಥವು ಪರರ ಕೈಸೇರಿದರೆ ಹೋದವೇ, ಅದೃಷ್ಟವಶಾತ್ ತಿರುಗಿ ಬಂದರೂ ಮುಕ್ಕಾಗಿಯೇ ಬರುತ್ತವೆ ಎಂಬುದು ಅದರ ಸಾರಾಂಶ. ಪುಸ್ತಕ ಎರವಲು ಕೊಟ್ಟು ಕಳೆದುಕೊಂಡವರೆಲ್ಲ ತಲೆದೂಗುವ ಮಾತು. ಆದರೆ ಆ ಪಟ್ಟಿಗೆ ಹೆಣ್ಣನ್ನೂ ಸೇರಿಸಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ವಾದ್ಯದ ವಿಷಯಕ್ಕೂ ಆ ಮಾತು ಹೊಂದುವುದಿಲ್ಲ. ಪುಸ್ತಕ ಓದದೆ ಇಟ್ಟರೂ ಅದರೊಳಗಿನ ಅಕ್ಷರ ಹಾಗೇ ಇರುತ್ತದೆ. ನುಡಿಸದೆ ಇಟ್ಟ ವೀಣೆಯಲ್ಲಿ ತಂತಿ ತುಕ್ಕು ಹಿಡಿಯುತ್ತದೆ, ಮೇಣ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಬಿರಡೆ ಕಚ್ಚಿಕೊಂಡು ತಿರುಗುವುದಿಲ್ಲ, ಒಣ ಹವೆಗೆ ಸಡಿಲಾಗಿ ನಿಲ್ಲುವುದಿಲ್ಲ. ಅಟ್ಟದ ಮೇಲೆ ಹಳೆ ಸೀರೆ ಸುತ್ತಿ ಇಟ್ಟ ವೀಣೆ ಭದ್ರವಾಗಿದೆ ಎಂದು ನಂಬಿಕೊಂಡವರು ಒಮ್ಮೆ ಅದನ್ನು ಬಿಚ್ಚಿ ನೋಡಬೇಕು.

ಯುರೋಪಿನಲ್ಲಿ ಇದೇ ಪ್ರಶ್ನೆಗೆ ಎರಡು ಉತ್ತರಗಳು ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಇವೆ. ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ಮ್ಯೂಸಿಯಮ್ಮಿನಲ್ಲಿ ‘ಮೆಸ್ಸಾಯ’ ಎಂಬ ಪಿಟೀಲಿದೆ. ಆಂಟೋನಿಯೊ ಸ್ಟ್ರಾಡಿವರಿ 1716ರಲ್ಲಿ ಮಾಡಿದ್ದು; 1737ರಲ್ಲಿ ಅವನು ಸಾಯುವವರೆಗೂ ಅವನ ಕಾರ್ಖಾನೆಯಲ್ಲೇ ಇತ್ತು. ಈಗಲೂ ಹೆಚ್ಚುಕಡಿಮೆ ಹೊಸದರಂತೆ ಹೊಳೆಯುತ್ತದೆ, ಏಕೆಂದರೆ ಅದನ್ನು ಯಾರೂ ನುಡಿಸಿಲ್ಲ ಎನ್ನುವಷ್ಟು ಕಡಿಮೆ ನುಡಿಸಿದ್ದಾರೆ. ಇನ್ನೊಂದು ಪಿಟೀಲು ವಾದಕ ಪಗನಿನಿಯದು, 1743ರಲ್ಲಿ ಗ್ವಾರ್ನೇರಿ ಮಾಡಿದ್ದು. ಪಗನಿನಿ ಅದನ್ನು ತನ್ನ ಊರು ಜಿನೋವಾಕ್ಕೆ ಬರೆದಿಟ್ಟು 1840ರಲ್ಲಿ ತೀರಿಕೊಂಡ. ಆ ಊರಿನವರು ಅದನ್ನು ಕಣ್ಣಿನಂತೆ ಕಾಯುತ್ತಾರೆ, ಜೊತೆಗೆ ಹೊರಗೆ ತೆಗೆದು ನುಡಿಸಲೂ ಕೊಡುತ್ತಾರೆ; ಪಗನಿನಿ ಹೆಸರಿನ ಸ್ಪರ್ಧೆಯಲ್ಲಿ ಗೆದ್ದ ಯುವಕ ಯುವತಿಯರ ಕೈಗೆ ಅದು ಬಂದಿದೆ. ಮೊದಲನೆಯದನ್ನು ಉಳಿಸಿದವರನ್ನು ನಾನು ಹಳಿಯುವುದಿಲ್ಲ, ಮುಂದಿನ ಪಿಟೀಲು ಮಾಡುವವರಿಗೆ ಅಳತೆಗೊಂದು ಮಾದರಿ ಉಳಿಯಿತು. ಆದರೆ ನಮ್ಮ ನಿಮ್ಮ ಮನೆಯ ವೀಣೆ ಮ್ಯೂಸಿಯಮ್ಮಿಗೆ ಹೋಗುವಂಥದ್ದಲ್ಲ. ಅದಕ್ಕಿರುವುದು ಜಿನೋವಾದ ದಾರಿ ಒಂದೇ.

ನಮ್ಮಲ್ಲಿ ಪರಂಪರೆ ಬೆಳೆದದ್ದೂ ಕೊಟ್ಟದ್ದರಿಂದಲೇ. ವೀಣೆ ಶೇಷಣ್ಣನವರ (1852–1926) ತಂದೆ ಚಿಕ್ಕರಾಮಪ್ಪನವರೂ ಮೈಸೂರು ಆಸ್ಥಾನದ ವೈಣಿಕರು. ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರಿಗೆ (1920–1997) ಮೊದಲ ಪಾಠ ಹೇಳಿದವರು ತಂದೆ ವೆಂಕಟೇಶ ಅಯ್ಯಂಗಾರ್ಯರು. ಆಮೇಲೆ ಗುರುಗಳಾಗಿ ವೆಂಕಟಗಿರಿಯಪ್ಪನವರು ಸಿಕ್ಕರು. ವೀಣೆಯೇ ಮನೆಯ ಕಸುಬಾಗಿದ್ದ ಕಡೆ ಮಗು ಕೈ ಇಡುವುದು ವಾದ್ಯಕ್ಕೆ ಆಗುವ ಅಪಾಯ ಎಂದು ಯಾರೂ ಭಾವಿಸುತ್ತಿರಲಿಲ್ಲ. ಚಾಮರಾಜನಗರ, ಮೈಸೂರು ಸೀಮೆಯ ನೀಲಗಾರರದು ಇನ್ನೂ ದೊಡ್ಡ ಮಾತು. ಮಂಟೇಸ್ವಾಮಿಯ ಕಥೆ ಹಾಡುವ ಈ ಒಕ್ಕಲಿನಲ್ಲಿ ದೀಕ್ಷೆಯಾದವನ ಕೈಗೆ ತಂಬೂರಿ ಬರುತ್ತದೆ. ಅಲ್ಲಿ ‘ಕೊಡಲೋ ಬೇಡವೋ’ ಎಂಬ ಪ್ರಶ್ನೆಯೇ ಇಲ್ಲ. ತಂಬೂರಿ ಹಿಡಿದ ಮೇಲೆ ಊರೂರು ತಿರುಗಬೇಕು, ರಾತ್ರಿಯಿಡೀ ಹಾಡಬೇಕು. ಗಾದೆಯ ಮೊದಲರ್ಧವನ್ನು ಅಕ್ಷರಶಃ ಬದುಕಿದವರು ಅವರು.

ನವರಾತ್ರಿಯಲ್ಲಿ ಸರಸ್ವತಿಯ ಪೂಜೆಗೆ ಪುಸ್ತಕದ ಜೊತೆ ವೀಣೆಯನ್ನೂ ಇಡುತ್ತೇವಲ್ಲ, ಆಗ ಅದನ್ನು ಮುಟ್ಟುವಂತಿಲ್ಲ. ಆದರೆ ವಿಜಯದಶಮಿಯ ದಿನ ಪುಸ್ತಕ ತೆಗೆದು ಒಂದಷ್ಟು ಓದಲೇಬೇಕು, ವೀಣೆ ತೆಗೆದು ಒಂದಷ್ಟು ನುಡಿಸಲೇಬೇಕು. ಅಷ್ಟಾದರೇ ಪೂಜೆ ಮುಗಿದಂತೆ. ಮಗುವಿಗೆ ಮನೆಯ ವೀಣೆಯ ಮೇಲೆ ಮೊದಲ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ದಿನ ನನಗೆ ಹೊಳೆಯುವುದಿಲ್ಲ.

ಯಾವ ವಯಸ್ಸಿಗೆ ಎಂದು ಕೇಳುವವರಿದ್ದಾರೆ. ಪಿಟೀಲಿನವರಿಗೆ ಈ ತೊಂದರೆ ತಾನಾಗಿಯೇ ಪರಿಹಾರವಾಗುತ್ತದೆ: ಕಾಲು, ಅರ್ಧ, ಮುಕ್ಕಾಲು ಅಳತೆಯ ಪಿಟೀಲು ದಾಟಿ ಬರುವವರೆಗೆ ಅಜ್ಜನ ಪೂರ್ಣ ಅಳತೆಯ ಪಿಟೀಲು ಮಗುವಿನ ತೋಳಿಗೆ ಎಟುಕುವುದೇ ಇಲ್ಲ. ಅಷ್ಟರಲ್ಲಿ ಮಗುವಿಗೂ ಬುದ್ಧಿ ಬಂದಿರುತ್ತದೆ, ನಮಗೂ ಧೈರ್ಯ ಬಂದಿರುತ್ತದೆ. ಸೋರೆ ಬುರುಡೆಯ ತಾನ್ಪುರ, ಸಿತಾರ್‌ಗಳಾದರೆ ನಾನೂ ಕೊಂಚ ತಡೆದೇ ಕೊಡುತ್ತೇನೆ. ಬಾಗಿಲಿನ ಚೌಕಟ್ಟಿಗೆ ಒಮ್ಮೆ ತಗುಲಿದರೆ ಸಾಕು, ಸೋರೆ ಸೀಳುತ್ತದೆ. ವೀಣೆಗೆ ನನ್ನ ಅಳತೆ ವಯಸ್ಸಲ್ಲ, ಕೆಲಸ. ಹರಿದ ತಂತಿ ಬಿಚ್ಚಿ ಹೊಸದನ್ನು ಕಟ್ಟಿ, ಬಿರಡೆಗೆ ಸುತ್ತಿ, ಶ್ರುತಿಗೆ ತರಲು ಮಗುವಿಗೆ ಬರಬೇಕು. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ಹಚ್ಚಲು ಗೊತ್ತಿರಬೇಕು. ಒಂದು ಕೈ ದಂಡಿಗೆ, ಒಂದು ಕೈ ಕೊಡಕ್ಕೆ ಕೊಟ್ಟು ಎತ್ತಲು ಬರಬೇಕು. ನುಡಿಸುವ ಮುಂಚೆ ಬೆರಳಿಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆ ಎಷ್ಟೆಂದು ತಿಳಿದಿರಬೇಕು, ಹೆಚ್ಚಾದರೆ ಅದು ಮೆಟ್ಟಿಲಿಗೆ ಇಳಿದು ಧೂಳು ಹಿಡಿಯುತ್ತದೆ. ಇಷ್ಟು ಬಂದ ದಿನ ಕೊಟ್ಟುಬಿಡಿ, ಕೊಟ್ಟ ಮೇಲೆ ಕೋಣೆಯಿಂದ ಎದ್ದು ಬನ್ನಿ.

ಎದ್ದು ಬರುವುದು ಕಷ್ಟ. ಒಳಗಿನಿಂದ ಒಂದು ಅಪಸ್ವರ ಬರುತ್ತದೆ, ಅಡುಗೆಮನೆಯಲ್ಲಿದ್ದವರ ಕೈ ನಿಲ್ಲುತ್ತದೆ. ಅದೇ ತಪ್ಪು ಮತ್ತೆ, ಅದೇ ಜಾಗದಲ್ಲಿ. ಸುಮ್ಮನಿರಬೇಕು. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿಯ ಗೆರೆ ಮೂಡಿ, ಮೊದಲು ಉರಿದು, ಆಮೇಲೆ ಚರ್ಮ ಗಟ್ಟಿಯಾಗುವವರೆಗೆ ಈ ಅಪಸ್ವರಗಳು ಇರುತ್ತವೆ. ಮಗುವಿನ ಬೆರಳಿನಲ್ಲಿ ಗೆರೆ ಮೂಡುವಂತೆಯೇ ಮೆಟ್ಟಿಲಿನ ಕಂಚಿನ ಮೇಲೂ ತಂತಿಯ ಗೀರು ಬೀಳುತ್ತದೆ. ಅದನ್ನು ಸವೆತ ಎಂದು ಲೆಕ್ಕ ಹಾಕುವವರು ಹಾಕಲಿ. ಕೆಲವು ವರ್ಷಕ್ಕೊಮ್ಮೆ ಮೆಟ್ಟಿಲು ಉಜ್ಜಿ, ಹೊಸದಾಗಿ ಮೇಳ ಕಟ್ಟಿಸುವುದು ನುಡಿಸುವ ಎಲ್ಲ ವೀಣೆಗೂ ಬರುವ ಖರ್ಚು. ಮೇಳ ಕಟ್ಟುವವರು ಮನೆಗೆ ಬಂದಾಗ ಮಗುವನ್ನು ಶಾಲೆಗೆ ರಜೆ ಹಾಕಿಸಿಯಾದರೂ ಪಕ್ಕದಲ್ಲಿ ಕೂರಿಸಿ ಎಂಬುದು ನನ್ನ ಸಲಹೆ. ಬಿಸಿ ಮೇಣದಲ್ಲಿ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಮೀಟಿ ನೋಡಿ, ಮತ್ತೆ ಸರಿಸುವುದನ್ನು ಕಂಡ ಮಗು ಆಮೇಲೆ ಉಗುರಿನಿಂದ ಮೇಣ ಕೀಳುವುದಿಲ್ಲ.

ಒಬ್ಬರಿಗೆ ಮಾತ್ರ ನಾನು ಕೊಡಿ ಎಂದು ಹೇಳಲಾರೆ: ಕಚೇರಿ ಮಾಡುವವರು. ಅವರ ವೀಣೆ ಅವರ ಅನ್ನ. ಸಂಜೆ ವೇದಿಕೆಯಲ್ಲಿ ಶ್ರುತಿ ನಿಲ್ಲಬೇಕಾದ ವಾದ್ಯದ ಮೇಲೆ ಬೆಳಿಗ್ಗೆ ಜಂಟಿ ವರಸೆ ಸಾಧನೆ ಆಗಬೇಕಿಲ್ಲ. ಆ ಮನೆಯ ಮಗುವಿಗೆ ಬೇರೆ ವೀಣೆಯೇ ಸರಿ, ಅದರಲ್ಲಿ ಜಿಪುಣತನವೇನೂ ಇಲ್ಲ.

ಕೊನೆಗೆ ಮನೆ ಬಿಟ್ಟು ಹೋಗುವ ಮಾತು. ಹಾಸ್ಟೆಲ್ಲಿಗೆ ಬೇಡ. ಅಲ್ಲಿ ವೀಣೆಗೆ ಜಾಗವೂ ಇಲ್ಲ, ನುಡಿಸಲು ಸಮಯವೂ ಇಲ್ಲ, ಹೋಗಿ ಬರುವವರ ಕಾಲಿಗೆ ಸಿಗುತ್ತದೆ. ಆದರೆ ಮದುವೆಯಾಗಿ ಹೊರಟ ಮಗಳ ವಿಷಯ ಬೇರೆ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ವೀಣೆ ಹೇಳಿಸುತ್ತಿದ್ದರು, ಮದುವೆಯಾದ ಮೇಲೆ ವೀಣೆ ತವರಿನ ಅಟ್ಟ ಸೇರುತ್ತಿತ್ತು, ನುಡಿಸುವ ಕೈ ಇನ್ನೊಂದು ಊರು ಸೇರುತ್ತಿತ್ತು. ತವರಿಗೆ ಬಂದಾಗ ನುಡಿಸಿದರಾಯಿತು ಎನ್ನುವುದು ಕಲಿತದ್ದನ್ನು ಮರೆಸುವ ಉಪಾಯ. ಅವಳು ಕೇಳಿದರೆ ವೀಣೆ ಅವಳ ಜೊತೆಗೇ ಹೋಗಲಿ, ಬೆಂಗಳೂರಿಗಾಗಲಿ ಅಮೆರಿಕಕ್ಕಾಗಲಿ. ವಿಮಾನದ ಪ್ರಯಾಣಕ್ಕೆ ಕೊಡ, ದಂಡಿ ಬಿಡಿಸಿ ಜೋಡಿಸುವ ವೀಣೆಗಳು ಬಂದಿವೆ. ಹಳೆಯ ವೀಣೆಯೇ ಬೇಕೆಂದರೆ ಒಳಗೆ ಅಲ್ಲಾಡದಂತೆ ಗಟ್ಟಿ ಪೆಟ್ಟಿಗೆ ಮಾಡಿಸಬೇಕು. ಇದು ಎರವಲು, ಯಾವತ್ತಾದರೂ ಹಿಂದಕ್ಕೆ ಕೊಡಬೇಕು ಎನ್ನುವ ಮಾತು ಅಷ್ಟು ಹೊತ್ತಿಗೆ ಬಿದ್ದುಹೋಗಿರಲಿ. ಪೆಟ್ಟಿಗೆಯಲ್ಲಿ ಎರಡು ಜೊತೆ ಹೆಚ್ಚಿನ ತಂತಿ, ಒಂದು ತುಂಡು ಸೀಮೆಸುಣ್ಣ, ಮೇಳ ಕಟ್ಟುವವರ ಫೋನ್ ನಂಬರು ಇಟ್ಟು ಕಳಿಸಿ.